ಮಂದದೃಷ್ಟಿಯ ಹಿರಿಯರೂ ಅಕ್ಷರದ ಋಣವೂ

ಅಕ್ಷರವನ್ನು ಕಲಿಸುವುದು ವಿದ್ಯಾಸಂಸ್ಥೆಯ ಮೊದಲ ಕರ್ತವ್ಯ. ಐದಾರು ವರ್ಷದ ಮಗುವಿನ ಕೈಹಿಡಿದು ಪಾಟಿಯ ಮೇಲೆ ಅಕಾರವನ್ನು ತಿದ್ದಿಸುವಲ್ಲಿಂದ ಶಾಲೆಯ ಕಾರ್ಯ ಆರಂಭವಾಗುತ್ತದೆ. ಆ ಮಗು ಬೆಳೆದು, ಪದವಿ ಪಡೆದು, ಒಳ್ಳೆಯ ಉದ್ಯೋಗಕ್ಕೆ ಸೇರಿದಾಗ ಸಂಸ್ಥೆಯು ಹೆಮ್ಮೆಪಡುತ್ತದೆ. ವಾರ್ಷಿಕ ಸಂಚಿಕೆಯಲ್ಲಿ ಅವನ ಹೆಸರನ್ನು ಅಚ್ಚುಮಾಡಿಸುತ್ತದೆ. ಆದರೆ ಅದೇ ವಿದ್ಯಾರ್ಥಿಯು ಎಪ್ಪತ್ತರ ಗಡಿಯನ್ನು ದಾಟಿ, ಕಣ್ಣು ಮಂಜಾಗಿ, ಒಮ್ಮೆ ಕಲಿತ ಅಕ್ಷರವೇ ಕೈಗೆಟುಕದಂತಾದಾಗ ಅವನ ಗತಿಯೇನು ಎಂಬ ಪ್ರಶ್ನೆಯನ್ನು ಶಾಲೆಯಾಗಲಿ ಸಮಾಜವಾಗಲಿ ಕೇಳಿಕೊಂಡದ್ದು ಅಪರೂಪ. ಅಕ್ಷರದ ಆರಂಭಕ್ಕೆ ಇಷ್ಟೊಂದು ವ್ಯವಸ್ಥೆಯನ್ನು ಮಾಡಿಕೊಂಡ ನಾಡು, ಅಕ್ಷರದ ಸಂಧ್ಯಾಕಾಲಕ್ಕೆ ಅದರ ಒಂದು ಪಾಲಿನಷ್ಟಾದರೂ ಗಮನ ಕೊಟ್ಟಿಲ್ಲವೆಂಬುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ವಿಜಯಪುರದ ಗಾಂಧಿ ಚೌಕವು ನಗರದ ವ್ಯಾಪಾರ-ವ್ಯವಹಾರಗಳಿಗೆಲ್ಲ ನಡುಮನೆಯಂತಿದೆ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಪೇಟೆಗೆಂದು, ಬ್ಯಾಂಕಿಗೆಂದು, ದವಾಖಾನೆಗೆಂದು ಬರುವ ಹಿರಿಯರು ಅಲ್ಲಿ ಹಾಯ್ದು ಹೋಗುತ್ತಿರುತ್ತಾರೆ. ಅವರ ಕೈಚೀಲದಲ್ಲಿರುವ ವಸ್ತುಗಳನ್ನು ಎಣಿಸಿದರೆ ಸಾಕು, ಮುಪ್ಪಿನ ಬಾಳಿಗೆ ಅಕ್ಷರವು ಎಷ್ಟು ಬೇಕಾಗುತ್ತದೆಂಬುದು ತಿಳಿಯುತ್ತದೆ: ಬ್ಯಾಂಕಿನ ಪಾಸ್‌ಬುಕ್ಕು, ಹೊಲದ ಉತಾರ, ಪಿಂಚಣಿಯ ಕಾಗದ, ಡಾಕ್ಟರರು ಬರೆದುಕೊಟ್ಟ ಚೀಟಿ, ಗುಳಿಗೆಯ ಪೊಟ್ಟಣ, ಮೊಮ್ಮಗಳ ಲಗ್ನಪತ್ರಿಕೆ. ಇವುಗಳಲ್ಲಿ ಹೆಚ್ಚಿನವುಗಳ ಅಕ್ಷರಗಳು ಸಾಸಿವೆ ಕಾಳಿನಷ್ಟು. “ತಮ್ಮಾ, ಇದರಾಗ ಏನ್ ಬರದಾರ, ಒಂದೀಟು ಓದಿ ಹೇಳಪಾ” ಎಂದು ಅಪರಿಚಿತ ಹುಡುಗನ ಮುಂದೆ ಕಾಗದವನ್ನು ಚಾಚುವ ಹಿರಿಯರೆಲ್ಲರೂ ನಿರಕ್ಷರಿಗಳಲ್ಲ. ಅವರಲ್ಲಿ ಏಳನೆಯ ಇಯತ್ತೆ ಪಾಸಾದವರಿದ್ದಾರೆ, ನಿವೃತ್ತ ಮಾಸ್ತರರಿದ್ದಾರೆ, ಸೊಸಾಯಿಟಿಯ ಲೆಕ್ಕಪತ್ರಗಳನ್ನು ಬರೆದವರಿದ್ದಾರೆ. ಓದುಬರಹ ಬಲ್ಲವರೇ ಇಳಿವಯಸ್ಸಿನಲ್ಲಿ ಮತ್ತೊಮ್ಮೆ ನಿರಕ್ಷರಿಗಳಾಗುತ್ತಿದ್ದಾರೆ. ಸಹಿ ಮಾಡಬಲ್ಲವರು ಓದದೆಯೇ ಸಹಿ ಮಾಡುತ್ತಾರೆ; ಕೆಲವರು ಹೆಬ್ಬೆಟ್ಟು ಒತ್ತುತ್ತಾರೆ. ಬೆಳಗಿನ ಗುಳಿಗೆಯನ್ನು ರಾತ್ರಿಯೂ ರಾತ್ರಿಯದನ್ನು ಬೆಳಗಿಗೂ ನುಂಗುವ ಪ್ರಮಾದವು ಇಂಥ ಮನೆಗಳಲ್ಲಿಯೇ ಸಂಭವಿಸುತ್ತದೆ. ಆದ್ದರಿಂದ ಇದು ಕಾಲಕ್ಷೇಪದ ಓದಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಆಸ್ತಿ, ಆರೋಗ್ಯ, ಮಾನ ಈ ಮೂರಕ್ಕೂ ಸಂಬಂಧಿಸಿದ ಪ್ರಶ್ನೆ.

ಕುರುಡಲ್ಲ, ಪೂರ್ಣದೃಷ್ಟಿಯೂ ಅಲ್ಲ

ಕನ್ನಡದ ಬಳಕೆಯ ಮಾತಿನಲ್ಲಿ ಕಣ್ಣಿದ್ದವರು, ಕಣ್ಣಿಲ್ಲದವರು ಎಂಬ ಎರಡೇ ವರ್ಗಗಳಿವೆ. ಇವೆರಡರ ನಡುವೆ ಮೂರನೆಯ ವರ್ಗವೊಂದಿದೆ. ಔಷಧ, ಶಸ್ತ್ರಚಿಕಿತ್ಸೆ, ಕನ್ನಡಕ ಎಲ್ಲವೂ ಆದ ಮೇಲೂ ಪೂರ್ಣ ದೃಷ್ಟಿ ಬಾರದೆ, ಆದರೆ ಸ್ವಲ್ಪ ದೃಷ್ಟಿ ಉಳಿದುಕೊಂಡಿರುವವರ ವರ್ಗವದು. ವೈದ್ಯರು ಇದನ್ನು ಮಂದದೃಷ್ಟಿ ಎನ್ನುತ್ತಾರೆ. ಆರೋಗ್ಯವಂತ ಕಣ್ಣು 18 ಮೀಟರ್ ದೂರದಿಂದ ಗುರುತಿಸಬಲ್ಲ ಅಕ್ಷರವನ್ನು ಗುರುತಿಸಲು 6 ಮೀಟರ್ ಸಮೀಪಕ್ಕೆ ಬರಬೇಕಾದ ಕಣ್ಣಿನ ದೃಷ್ಟಿ 6/18. ಅದಕ್ಕಿಂತ ಕಡಿಮೆಯಾದ, ಆದರೆ ಅಂಧತ್ವದ ಎಲ್ಲೆಯನ್ನು ಮುಟ್ಟದ ದೃಷ್ಟಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಪ್ರತ್ಯೇಕ ಸ್ಥಾನವಿದೆ. ಕಾನೂನು ಗುರುತಿಸಿದ ಈ ವರ್ಗವನ್ನು ಮನೆಯವರು ಮಾತ್ರ ಇನ್ನೂ ಗುರುತಿಸಿಲ್ಲ. ಅಂಗಳದಲ್ಲಿ ಸಲೀಸಾಗಿ ಓಡಾಡುವ ಮುದುಕನು ಪತ್ರಿಕೆ ಓದಲಾರೆನೆಂದರೆ ನೆವ ಹೇಳುತ್ತಾನೆಂದು ಭಾವಿಸುತ್ತಾರೆ. ಪತ್ರಿಕೆ ಓದಲಾರದವನಿಗೆ ಕಣ್ಣೇ ಹೋಯಿತೆಂದು ಇನ್ನು ಕೆಲವರು ಕೈಚೆಲ್ಲುತ್ತಾರೆ. ಎರಡೂ ತಪ್ಪು.

ಉತ್ತರ ಕರ್ನಾಟಕವು ಕಣ್ಣಿನ ವಿಷಯದಲ್ಲಿ ಹಿಂದುಳಿದ ಪ್ರದೇಶವಲ್ಲ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ನೇತ್ರಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಗಳಿಂದ ಹೊರತಂದು ಹಳ್ಳಿಯ ಬಯಲಿಗೆ ಒಯ್ದವರು. ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದ ಅವರ ಸಾಧನೆ ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. 2005ರಲ್ಲಿ ಅವರು ತೀರಿಕೊಳ್ಳುವಷ್ಟರಲ್ಲಿ ನೇತ್ರಶಿಬಿರವೆಂಬ ಮಾತು ಪ್ರತಿ ಹಳ್ಳಿಗೂ ಪರಿಚಿತವಾಗಿತ್ತು. ಇತ್ತ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಅಂಧರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದು ಅವರನ್ನು ಸಮಾಜದಲ್ಲಿ ತಲೆಯೆತ್ತಿ ನಿಲ್ಲಿಸಿದರು. ಹೀಗೆ ಗುಣಪಡಿಸಬಹುದಾದ ಕಣ್ಣಿಗೆ ಒಬ್ಬ ಧನ್ವಂತರಿಯೂ, ಬೆಳಕಿಲ್ಲದ ಕಣ್ಣಿಗೆ ಇಬ್ಬರು ಗುರುಗಳೂ ಈ ನೆಲದಲ್ಲಿಯೇ ದೊರೆತರು. ಗುಣವಾಗದ, ಆದರೆ ಬೆಳಕು ಆರದ ನಡುವಿನ ಕಣ್ಣಿಗೆ ಮಾತ್ರ ಅಂಥ ಆಸರೆ ಇನ್ನೂ ಬೆಳೆದುಬರಬೇಕಾಗಿದೆ.

ಈ ನಡುವಿನವರ ಸಂಖ್ಯೆ ದಿನೇ ದಿನೇ ಹೆಚ್ಚುವ ಸಂಭವವಿದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ 50 ವರ್ಷ ಮೀರಿದವರಲ್ಲಿಯ ಅಂಧತ್ವಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಪೊರೆಯೇ ಕಾರಣ. ಜನರು ಮೋತಿಬಿಂದು ಎನ್ನುವ ಈ ಪೊರೆಯನ್ನು ತೆಗೆದು ಕೃತಕ ಮಸೂರವನ್ನು ಕೂಡಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಉಳಿದ ಪಾಲಿನ ಕಾರಣಗಳು ಅಷ್ಟು ಸುಲಭವಾಗಿ ಬಗ್ಗುವಂಥವಲ್ಲ. ಸಕ್ಕರೆ ಕಾಯಿಲೆಯು ಅಕ್ಷಿಪಟಲದ ರಕ್ತನಾಳಗಳನ್ನು ಕೆಡಿಸುತ್ತದೆ. ಗ್ಲಾಕೋಮಾ ಎಂಬ ವ್ಯಾಧಿಯು ನೋಟದ ಅಂಚುಗಳನ್ನು ಸದ್ದಿಲ್ಲದೆ ತಿನ್ನುತ್ತ ಬರುತ್ತದೆ; ಅದರಿಂದ ಹೋದ ದೃಷ್ಟಿ ಮರಳಿ ಬಾರದು. ವಯಸ್ಸಾದಂತೆ ಅಕ್ಷಿಪಟಲದ ನಟ್ಟನಡುವಿನ ಭಾಗವು ಸವೆದರೆ, ನೋಡುವವನಿಗೆ ಸುತ್ತಲಿನ ಗೋಡೆ ಕಾಣುತ್ತದೆ, ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಪುಟದ ಅಂಚು ಕಾಣುತ್ತದೆ, ನೋಟವಿಟ್ಟ ಶಬ್ದವೇ ಕಾಣುವುದಿಲ್ಲ. ಆಯುಷ್ಯವೂ ಸಕ್ಕರೆ ಕಾಯಿಲೆಯೂ ಒಟ್ಟಿಗೆ ಬೆಳೆಯುತ್ತಿರುವ ನಾಡಿನಲ್ಲಿ ಇಂಥ ಕಣ್ಣುಗಳು ಹೆಚ್ಚುವುದು ಅನಿವಾರ್ಯ.

ಪರಂಪರೆಯಲ್ಲಿದ್ದ ಸಾಧನಗಳು

ಓದುವುದಕ್ಕೆ ಸಾಧನವನ್ನು ಬಳಸುವುದು ಪರದೇಶದ ಚಟವೆಂದು ಹೇಳುವವರಿದ್ದಾರೆ. ಪರಂಪರೆಯನ್ನು ಬಲ್ಲವರು ಹಾಗೆ ಹೇಳಲಾರರು. ತಾಡೋಲೆಯ ಗ್ರಂಥವನ್ನು ಕಂಟದಿಂದ ಕೊರೆದು ಬರೆದ ಲಿಪಿಕಾರನು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಗೀರಿದ ಗೆರೆಗಳು ಓಲೆಯ ಬಣ್ಣದಲ್ಲಿಯೇ ಬೆರೆತು ಕಾಣದಂತಿರುತ್ತಿದ್ದುದರಿಂದ, ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಅದರ ಮೇಲೆ ತಿಕ್ಕಿ ಒರೆಸುತ್ತಿದ್ದನು. ಗೆರೆಯಲ್ಲಿ ಮಸಿ ನಿಂತು, ಹಳದಿ ಓಲೆಯ ಮೇಲೆ ಕಪ್ಪು ಅಕ್ಷರ ಎದ್ದು ಕಾಣುತ್ತಿತ್ತು. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕಪ್ಪು-ಬಿಳುಪಿನ ಅಂತರ ಹೆಚ್ಚಿದಷ್ಟೂ ಓದು ಸುಲಭವೆಂಬ ಇಂದಿನ ನೇತ್ರವಿಜ್ಞಾನದ ತತ್ತ್ವವನ್ನು ಆ ಲಿಪಿಕಾರನು ಅನುಭವದಿಂದಲೇ ಅರಿತಿದ್ದನು.

ಪುರಾಣ ಓದುವವರ ಮುಂದಿರುವ ವ್ಯಾಸಪೀಠವನ್ನು ನೋಡಬೇಕು. ವಿಜಯಪುರದ ಮಸೀದಿಗಳಲ್ಲಿ ಕುರಾನ್ ಪಠಣಕ್ಕೆ ಬಳಸುವ ರೆಹಲ್ ಕೂಡ ಅದೇ ಆಕಾರದ್ದು. ಗ್ರಂಥವನ್ನು ನೆಲದಿಂದ ಎತ್ತಿ, ಓರೆಯಾಗಿ ಹಿಡಿದು, ಕಣ್ಣಿಗೆ ಸಮೀಪ ತರುವ ಈ ಮರದ ಪೀಠವು ಪೂಜ್ಯಭಾವದ ಸಂಕೇತವಾಗಿರುವಂತೆಯೇ ಓದಿನ ಸಾಧನವೂ ಆಗಿದೆ. ಮಂದದೃಷ್ಟಿಯವರಿಗೆ ಪುಸ್ತಕವನ್ನು ಎತ್ತರಿಸಿ ಹಿಡಿಯುವ ಓರೆ ಹಲಗೆಯನ್ನು ಇಂದಿನ ವೈದ್ಯರು ಸೂಚಿಸಿದಾಗ, ಅವರು ಅಟ್ಟದ ಮೇಲಿನ ವ್ಯಾಸಪೀಠವನ್ನೇ ಕೆಳಗಿಳಿಸಿಕೊಳ್ಳಲು ಹೇಳಿದಂತಾಗುತ್ತದೆ.

ಕನ್ನಡಕದ ವಿಷಯದಲ್ಲಂತೂ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಭಾರತದಲ್ಲಿ ಕನ್ನಡಕದ ಬಳಕೆಗೆ ದೊರೆಯುವ ಅತ್ಯಂತ ಹಳೆಯ ಉಲ್ಲೇಖಗಳಲ್ಲೊಂದು ಸೋಮನಾಥ ಕವಿಯ ಸಂಸ್ಕೃತ ಕೃತಿ ‘ವ್ಯಾಸಯೋಗಿಚರಿತ’ದಲ್ಲಿದೆ. ವಿಜಯನಗರದ ಅರಸರಿಗೆ ಗುರುಗಳಾಗಿದ್ದು 1539ರಲ್ಲಿ ದೇಹವಿಟ್ಟ ವ್ಯಾಸರಾಯರು ಕನ್ನಡಕವನ್ನು ಧರಿಸಿ ಗ್ರಂಥವನ್ನು ಓದುತ್ತಿದ್ದರೆಂದು ಅದರಿಂದ ತಿಳಿದುಬರುತ್ತದೆ. ಸಂಶೋಧಕ ಪಿ. ಕೆ. ಗೋಡೆಯವರು ಕನ್ನಡಕದ ಇತಿಹಾಸವನ್ನು ಬರೆಯುವಾಗ ಈ ಉಲ್ಲೇಖದ ಮಹತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು. ನಾಲ್ಕು ಶತಮಾನಗಳಿಗೂ ಹಿಂದೆ ಒಬ್ಬ ಯತಿಗೆ ಸಂಕೋಚವೆನಿಸದ ಸಾಧನವು ಇಂದಿನ ಗೃಹಸ್ಥನಿಗೆ ಸಂಕೋಚವೆನಿಸಬೇಕಾದ ಕಾರಣವಿಲ್ಲ.

ಭೂತಗನ್ನಡಿಯ ಲೆಕ್ಕ

ನಲವತ್ತು ದಾಟಿದ ಮೇಲೆ ಕಣ್ಣಿನ ಸಹಜ ಮಸೂರವು ಬಿರುಸಾಗುವುದರಿಂದ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಅನುಭವದ ಮಾತು. ಪೇಟೆಯಲ್ಲಿ ಒಂದೆರಡು ನಂಬರಿನ ಚಷ್ಮಾ ಕೊಂಡರೆ ಅದು ಸರಿಹೋಗುತ್ತದೆ. ಮಂದದೃಷ್ಟಿಯು ಇದಕ್ಕಿಂತ ಬೇರೆಯಾದದ್ದು. ಅಲ್ಲಿ ಅಕ್ಷರವು ಸ್ಪಷ್ಟವಾದರೆ ಮಾತ್ರ ಸಾಲದು, ದೊಡ್ಡದೂ ಆಗಬೇಕು. ದೊಡ್ಡದಾಗಿಸುವ ಅತ್ಯಂತ ಸರಳ ಉಪಾಯವೆಂದರೆ ಪುಸ್ತಕವನ್ನು ಸಮೀಪಕ್ಕೆ ತರುವುದು. 40 ಸೆಂಟಿಮೀಟರಿನಲ್ಲಿ ಹಿಡಿದ ಪುಟವನ್ನು 20ಕ್ಕೆ ತಂದರೆ ಅಕ್ಷರವು ಕಣ್ಣಿಗೆ ಇಮ್ಮಡಿಯಾಗಿ ಕಾಣುತ್ತದೆ. 10ಕ್ಕೆ ತಂದರೆ ನಾಲ್ಮಡಿ. ಬಾಲಕನು ಬರಿಗಣ್ಣಿನಿಂದಲೇ ಇದನ್ನು ಮಾಡಬಲ್ಲ. ವೃದ್ಧನ ಕಣ್ಣು ಅಷ್ಟು ಸಮೀಪದಲ್ಲಿ ಸ್ಪಷ್ಟವಾಗಿ ನೋಡಲಾರದು. ಅದಕ್ಕೆ ಪ್ರಬಲ ಮಸೂರದ ನೆರವು ಬೇಕು. 10 ಡಯಾಪ್ಟರ್ ಶಕ್ತಿಯ ಮಸೂರದಿಂದ ಸುಮಾರು 10 ಸೆಂಟಿಮೀಟರಿನಲ್ಲಿ, 20 ಡಯಾಪ್ಟರಿನದರಿಂದ ಸುಮಾರು 5 ಸೆಂಟಿಮೀಟರಿನಲ್ಲಿ ಪುಟವು ಸ್ಪಷ್ಟವಾಗುತ್ತದೆ.

ಕೈಯಲ್ಲಿ ಹಿಡಿಯುವ ಭೂತಗನ್ನಡಿಯನ್ನು ಕೊಳ್ಳುವಾಗ ಜನರು ಎಲ್ಲಕ್ಕಿಂತ ಅಗಲವಾದುದನ್ನು ಆರಿಸುತ್ತಾರೆ. ಅಗಲವಾದ ಮಸೂರವು ಬಹುತೇಕ ದುರ್ಬಲವಾಗಿರುತ್ತದೆ. ಶಕ್ತಿ ಹೆಚ್ಚಿದಂತೆ ಮಸೂರವು ಚಿಕ್ಕದಾಗುವುದು ಅದರ ಧರ್ಮ. ಚಿಕ್ಕ ಮಸೂರದಲ್ಲಿ ಹೆಚ್ಚು ಅಕ್ಷರ ಕಾಣಬೇಕಾದರೆ ಮಸೂರವನ್ನು ಕಣ್ಣಿನ ಸಮೀಪಕ್ಕೆ ತಂದು, ಪುಟವನ್ನೂ ಅದರೊಡನೆ ಹತ್ತಿರಕ್ಕೆ ತರಬೇಕು. ತೋಳನ್ನು ಚಾಚಿ ಹಿಡಿದರೆ ಒಂದೆರಡು ಅಕ್ಷರಗಳು ಮಾತ್ರ ಕಂಡು ಬೇಸರವಾಗುತ್ತದೆ, ಸಾಧನವು ಪೆಟ್ಟಿಗೆ ಸೇರುತ್ತದೆ. ಕೈ ನಡುಗುವವರಿಗೆ ಕಾಲುಗಳುಳ್ಳ ಭೂತಗನ್ನಡಿ ಲೇಸು. ಅದನ್ನು ಪುಟದ ಮೇಲಿಟ್ಟು ಸಾಲಿನುದ್ದಕ್ಕೆ ಸರಿಸುತ್ತ ಹೋದರೆ ಸಾಕು. ಓದುವ ಚಷ್ಮಾ ಇದ್ದವರು ಅದನ್ನು ಧರಿಸಿಯೇ ನೋಡಬೇಕು. ಎರಡೂ ಕೈ ಬಿಡುವಾಗಿರಬೇಕೆನ್ನುವವರಿಗೆ ಅರ್ಧಗಾಜಿನ ಪ್ರಬಲ ಕನ್ನಡಕಗಳಿವೆ. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ನೇತ್ರತಜ್ಞರ ಬಳಿ ಅಳೆದು ನೋಡಿಯೇ ತೀರ್ಮಾನಿಸಬೇಕು. ನೆರೆಮನೆಯವರಿಗೆ ಹೊಂದಿದ್ದು ತನಗೂ ಹೊಂದೀತೆಂಬ ನಂಬಿಕೆ ಚಪ್ಪಲಿಗೂ ಸಲ್ಲದು, ಕನ್ನಡಕಕ್ಕೂ ಸಲ್ಲದು.

ಬೆಳಕಿನ ಮಹತ್ವವನ್ನು ಮರೆಯುವಂತಿಲ್ಲ. ಅರವತ್ತು ವರ್ಷದವನ ಅಕ್ಷಿಪಟಲವನ್ನು ತಲುಪುವ ಬೆಳಕು, ಇಪ್ಪತ್ತರ ತರುಣನಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಪಾಪೆ ಕಿರಿದಾಗುವುದೂ ಮಸೂರ ಹಳದಿಯಾಗುವುದೂ ಇದಕ್ಕೆ ಕಾರಣ. ಆದರೂ ಮನೆಗಳಲ್ಲಿ ಮೊಮ್ಮಗನ ಅಭ್ಯಾಸದ ಮೇಜಿಗೆ ಒಳ್ಳೆಯ ದೀಪವಿರುತ್ತದೆ, ಅಜ್ಜನ ಪಾಲಿಗೆ ಪಡಸಾಲೆಯ ಮಂದ ದೀಪ. ದೀಪವನ್ನು ಮಾಳಿಗೆಯಿಂದ ಇಳಿಸಿ ಪುಟದ ಹತ್ತಿರಕ್ಕೆ ತಂದರೆ ಬಹಳ ವ್ಯತ್ಯಾಸವಾಗುತ್ತದೆ. ದೀಪದ ದೂರ ಅರ್ಧವಾದರೆ ಪುಟದ ಮೇಲೆ ಬೀಳುವ ಬೆಳಕು ನಾಲ್ಕುಪಟ್ಟಾಗುತ್ತದೆ. ಅದು ಹೆಗಲ ಮೇಲಿನಿಂದ ಪುಟಕ್ಕೆ ಬೀಳಬೇಕು, ಕಣ್ಣಿಗೆ ಕುಕ್ಕಬಾರದು. ಇನ್ನೊಂದು ಸಾಧನಕ್ಕೆ ಹಣವೇ ಬೇಕಾಗಿಲ್ಲ: ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಉದ್ದನೆಯ ಸೀಳು ಕತ್ತರಿಸಿ ಪುಟದ ಮೇಲಿಟ್ಟರೆ, ಬಿಳಿಯ ಕಾಗದದ ಝಳ ಅಡಗಿ, ಆ ಒಂದು ಸಾಲು ಮಾತ್ರ ಎದ್ದು ಕಾಣುತ್ತದೆ; ಸಾಲು ತಪ್ಪುವುದೂ ನಿಲ್ಲುತ್ತದೆ.

ಸಾಧನದೊಡನೆ ಅಭ್ಯಾಸವೂ ಬೇಕು. ನೋಟದ ನಡುಭಾಗ ಕೆಟ್ಟವರು ಶಬ್ದದ ಮೇಲೆ ನೇರವಾಗಿ ನೋಟವಿಡದೆ ತುಸು ಪಕ್ಕಕ್ಕೆ ನೋಡುವುದನ್ನು ಕಲಿಯಬೇಕಾಗುತ್ತದೆ. ಇದು ಕೆಲವು ವಾರಗಳ ಸಾಧನೆ. ಮಗುವಿಗೆ ಅಕ್ಷರ ಕಲಿಸಲು ವರ್ಷವಿಡೀ ತಾಳ್ಮೆ ತೋರುವ ಸಮಾಜವು, ಮುದುಕನ ಈ ಎರಡನೆಯ ಅಕ್ಷರಾಭ್ಯಾಸಕ್ಕೆ ನಾಲ್ಕು ವಾರಗಳ ತಾಳ್ಮೆ ತೋರಲಾರದೆ?

ಕನ್ನಡ ಲಿಪಿಯ ಸೂಕ್ಷ್ಮ

ಕನ್ನಡದ ಅಕ್ಷರಗಳು ಮುತ್ತಿನಂತೆ ದುಂಡಾಗಿವೆಯೆಂದು ಹೊಗಳುವುದು ವಾಡಿಕೆ. ಮಂದದೃಷ್ಟಿಯವರಿಗೆ ಆ ದುಂಡುತನವೇ ತೊಡಕು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಆ ಗೀಟು ಕಾಣದಿದ್ದರೆ ಧನವು ದನವಾಗುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ, ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಅಡಗಿ ಕುಳಿತಿರುತ್ತವೆ. ಒತ್ತು ಮಾಯವಾದರೆ ಮಗ್ಗವು ಮಗನಾಗುತ್ತದೆ, ಕತ್ತೆಯು ಕತೆಯಾಗುತ್ತದೆ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದಾಗ ಮೇಲಿನ ಸಾಲಿನ ಒತ್ತಕ್ಷರವೂ ಕೆಳಗಿನ ಸಾಲಿನ ಗುಡಿಸೂ ಒಂದಕ್ಕೊಂದು ತಾಗಿ ಕಣ್ಣಿಗೆ ಗೋಜಲಾಗುತ್ತದೆ. ಆದ್ದರಿಂದ ಇಂಗ್ಲಿಷಿಗೆ ಸಾಕಾಗುವ ಅಕ್ಷರದ ಅಳತೆ ಕನ್ನಡಕ್ಕೆ ಸಾಲದು. ಅಕ್ಷರದ ಗಾತ್ರದಷ್ಟೇ ಸಾಲುಗಳ ನಡುವಿನ ತೆರಪೂ ಮುಖ್ಯ. ಕನ್ನಡದ ಮುದ್ರಕರು, ಅಕ್ಷರವಿನ್ಯಾಸಕಾರರು ಗಮನಿಸಬೇಕಾದ ವಿಷಯವಿದು.

ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಥಾರ್ಪ್ ಎಂಬವರು 1964ರಲ್ಲಿ ಅಲ್ವರ್‌ಸ್ಕ್ರಾಫ್ಟ್ ಎಂಬ ಹೆಸರಿನಲ್ಲಿ ವೃದ್ಧ ಓದುಗರಿಗಾಗಿಯೇ ದಪ್ಪಕ್ಷರದ ಪುಸ್ತಕಮಾಲೆಯನ್ನು ಆರಂಭಿಸಿದರು. ಗ್ರಂಥಾಲಯಗಳು ಅವುಗಳನ್ನು ಕೊಂಡುಕೊಂಡವು. ಕ್ರಮೇಣ ದಪ್ಪಕ್ಷರದ ಕಪಾಟು ಅಲ್ಲಿನ ಗ್ರಂಥಾಲಯಗಳ ಸಾಮಾನ್ಯ ಅಂಗವಾಯಿತು. ಕನ್ನಡದಲ್ಲಿ ಪಾರಾಯಣ ಗ್ರಂಥಗಳು ದೊಡ್ಡ ಅಕ್ಷರಗಳಲ್ಲಿ ಬಂದಿವೆ. ಕಾದಂಬರಿ, ಚರಿತ್ರೆ, ವೈದ್ಯ, ಕೃಷಿ ಮೊದಲಾದ ವಿಷಯಗಳಲ್ಲಿ ಅಂಥ ಪುಸ್ತಕಗಳು ತೀರ ವಿರಳ. ಮುಪ್ಪಿನವರಿಗೆ ಪಾರಾಯಣವೊಂದೇ ಸಾಕೆಂದು ಪ್ರಕಾಶಕರು ನಿಶ್ಚಯಿಸಿದಂತಿದೆ.

ವಿಜಯಪುರಕ್ಕೆ ಈ ವಿಷಯದಲ್ಲಿ ಒಂದು ಹೊಣೆಯಿದೆ. ಫ. ಗು. ಹಳಕಟ್ಟಿಯವರು ಈ ನಗರದಲ್ಲಿ ವಕೀಲಿ ಮಾಡುತ್ತ, ಊರೂರು ಅಲೆದು ತಾಡೋಲೆಗಳನ್ನು ಕೂಡಿಸಿ, ಮಸಕಾದ ಲಿಪಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಕೆಲವರ ಕಪಾಟಿನಲ್ಲಿದ್ದ ಓಲೆಯನ್ನು ಎಲ್ಲರ ಕೈಯ ಪುಸ್ತಕವನ್ನಾಗಿ ಮಾಡಿದ್ದು ಅವರ ಸಾಧನೆ. 1964ರಲ್ಲಿ ಲಿಂಗೈಕ್ಯರಾದ ಅವರ ಜೀವಿತಕಾಲದ ಪ್ರಕಟಣೆಗಳಿಗಿದ್ದ ಅರವತ್ತು ವರ್ಷಗಳ ಹಕ್ಕುಸ್ವಾಮ್ಯದ ಅವಧಿಯು 2024ರ ಕೊನೆಗೆ ಮುಗಿದಿದೆ. ಆ ಗ್ರಂಥಗಳನ್ನು 18 ಪಾಯಿಂಟಿನ ಅಕ್ಷರದಲ್ಲಿ, ವಿಶಾಲವಾದ ಸಾಲುಗಳಲ್ಲಿ, ಹೊಳಪಿಲ್ಲದ ಕಾಗದದ ಮೇಲೆ ಮತ್ತೆ ಅಚ್ಚುಹಾಕಲು ಇನ್ನು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಕ್ಕುಸ್ವಾಮ್ಯವುಳ್ಳ ಪುಸ್ತಕಗಳ ಮಟ್ಟಿಗೂ 2012ರ ತಿದ್ದುಪಡಿಯು, ವಿಕಲಚೇತನರು ಓದಬಲ್ಲ ರೂಪಕ್ಕೆ ಲಾಭದ ಉದ್ದೇಶವಿಲ್ಲದೆ ಅವುಗಳನ್ನು ಪರಿವರ್ತಿಸಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲಕ್ಕಿಂತ ಮೊದಲು ಸ್ಥಿರೀಕರಿಸಿದ ರಾಷ್ಟ್ರವೂ ಭಾರತವೇ. ಕಾನೂನು ಬಾಗಿಲು ತೆರೆದಿದೆ. ಒಳಗೆ ಹೋಗುವವರು ಬೇಕಾಗಿದ್ದಾರೆ.

ಕೆಲವು ಆಕ್ಷೇಪಣೆಗಳು

ಓದಲೇಬೇಕೇಕೆ, ಕೇಳಿದರೆ ಸಾಲದೆ ಎಂದು ಕೇಳುವವರುಂಟು. ಶ್ರವಣಕ್ಕೆ ಈ ನಾಡಿನಲ್ಲಿ ದೊಡ್ಡ ಸ್ಥಾನವಿದೆಯೆಂಬುದು ನಿಜ. ಪುರಾಣ-ಪ್ರವಚನಗಳನ್ನು ಕೇಳಿಯೇ ತಿಳಿವಳಿಕೆ ಪಡೆದ ತಲೆಮಾರುಗಳು ಆಗಿಹೋಗಿವೆ. ಇಂದು ಮೊಬೈಲ್ ಫೋನೇ ಕನ್ನಡದ ಪಠ್ಯವನ್ನು ಓದಿ ಹೇಳಬಲ್ಲದು. ಅದರ ಕ್ಯಾಮರಾ ಗುಳಿಗೆಯ ಪಟ್ಟಿಯನ್ನು ಹಿಗ್ಗಿಸಿ ತೋರಿಸಬಲ್ಲದು. ಪರದೆಯ ಮೇಲೆ ಕಪ್ಪು ಹಿನ್ನೆಲೆಗೆ ಬಿಳಿಯ ಅಕ್ಷರವನ್ನು ತರಬಲ್ಲದು. ಇವೆಲ್ಲವೂ ಸ್ವಾಗತಾರ್ಹ. ದೃಷ್ಟಿ ತೀರ ಕ್ಷೀಣಿಸಿದವರಿಗೆ ಅವೇ ಗತಿ. ಆದರೆ ಕೇಳುವವನು ಹೇಳುವವನ ವೇಗಕ್ಕೆ ಕಟ್ಟುಬಿದ್ದಿರುತ್ತಾನೆ. ಓದುವವನು ತನಗೆ ಬೇಕಾದಲ್ಲಿ ನಿಲ್ಲುತ್ತಾನೆ, ಹಿಂದಿರುಗುತ್ತಾನೆ, ಅನುಮಾನ ಬಂದಲ್ಲಿ ಬೆರಳಿಡುತ್ತಾನೆ. ವ್ಯವಹಾರದ ಕಾಗದಕ್ಕೆ ಆ ಬೆರಳು ಬೇಕೇ ಬೇಕು.

ಮಕ್ಕಳು, ಮೊಮ್ಮಕ್ಕಳು ಓದಿ ಹೇಳುತ್ತಾರಲ್ಲ ಎಂಬುದು ಎರಡನೆಯ ಮಾತು. ದುಡಿಮೆಗಾಗಿ ಬೆಂಗಳೂರಿಗೋ ಪುಣೆಗೋ ಹೋದ ಮಕ್ಕಳು ಓದಿ ಹೇಳಲಾರರು. ಮನೆಯಲ್ಲಿಯೇ ಇದ್ದರೂ ಎಲ್ಲ ಕಾಗದಗಳೂ ಎಲ್ಲರೆದುರಿಗೂ ಓದಿಸತಕ್ಕವಲ್ಲ. ಹೆಣ್ಣುಮಗಳಿಗೆ ಗುಟ್ಟಾಗಿ ಕೂಡಿಟ್ಟ ನಾಲ್ಕು ಕಾಸಿನ ಲೆಕ್ಕ, ಹಳೆಯ ಗೆಳತಿಯ ಪತ್ರ, ತನ್ನದೇ ಕಾಯಿಲೆಯ ವರದಿ ಇವುಗಳನ್ನು ತಾನೊಬ್ಬಳೇ ಓದಿಕೊಳ್ಳಬೇಕೆಂದು ಮುದುಕಿಯೊಬ್ಬಳು ಬಯಸಿದರೆ ಅದು ಮೊಂಡುತನವಲ್ಲ. ದಿನಕ್ಕೆ ಹತ್ತು ಸಲ ಇನ್ನೊಬ್ಬರನ್ನು ಕರೆದು ಕೇಳುವ ಸಂಕೋಚದಿಂದ ಓದುವುದನ್ನೇ ಬಿಟ್ಟವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಕಣ್ಣಿಗೆ ಕೆಲಸ ಕೊಟ್ಟರೆ ಉಳಿದ ದೃಷ್ಟಿಯೂ ಹೋದೀತೆಂಬ ಭಯ ಮೂರನೆಯದು. ಈ ಭಯಕ್ಕೆ ಆಧಾರವಿಲ್ಲ. ಕಣ್ಣು ಎಣ್ಣೆಯ ಹಣತೆಯಲ್ಲ, ಉರಿಸಿದಷ್ಟೂ ತೀರಿಹೋಗುವುದಕ್ಕೆ. ಓದುವುದರಿಂದ ಕಣ್ಣು ದಣಿಯಬಹುದು, ಕೆಡುವುದಿಲ್ಲ. ಆದರೆ ಒಂದು ಎಚ್ಚರ ಅವಶ್ಯವಾಗಿದೆ: ಭೂತಗನ್ನಡಿಯು ವೈದ್ಯರಿಗೆ ಬದಲಿಯಲ್ಲ. ದೃಷ್ಟಿ ಥಟ್ಟನೆ ಕುಂದಿದರೆ, ನೆಟ್ಟಗಿನ ಗೆರೆ ಸೊಟ್ಟಾಗಿ ಕಂಡರೆ, ಕಣ್ಣು ಕೆಂಪಾಗಿ ನೋಯತೊಡಗಿದರೆ ಸೊಪ್ಪಿನ ರಸ ಹಿಂಡುತ್ತ ಕೂಡದೆ ಆ ದಿನವೇ ನೇತ್ರವೈದ್ಯರನ್ನು ಕಾಣಬೇಕು. ಪೊರೆಯೋ ಗ್ಲಾಕೋಮಾವೋ ಸಕ್ಕರೆಯ ಬಾಧೆಯೋ ಎಂಬುದು ನಿರ್ಣಯವಾದ ಮೇಲೆಯೇ ಸಾಧನದ ಮಾತು.

ಸಂಸ್ಥೆಗಳ ಪಾಲು

ಸರಕಾರವು ಏನನ್ನೂ ಮಾಡಿಲ್ಲವೆನ್ನಲಾಗದು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆದುಬಂದಿದೆ. ವಿಕಲಚೇತನರಿಗೆ ಸಾಧನ-ಸಲಕರಣೆಗಳನ್ನು ಕೊಡುವ ಯೋಜನೆ 1981ರಷ್ಟು ಹಳೆಯದು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ಶ್ರವಣಯಂತ್ರ, ದಂತಪಂಕ್ತಿಗಳೊಡನೆ ಕನ್ನಡಕವೂ ಸೇರಿದೆ. ಆದರೆ ಸಾಮಾನ್ಯ ಕನ್ನಡಕದಿಂದ ಓದಲಾಗದವರೇ ಮಂದದೃಷ್ಟಿಯವರು. ಅವರಿಗೆ ಬೇಕಾದುದು ಅಳತೆ, ಆಯ್ಕೆ, ತರಬೇತಿ ಮತ್ತು ಊರಿನಲ್ಲಿಯೇ ಕೇಳಿ ತಿಳಿಯಲು ಒಂದು ಸ್ಥಳ. ಕೊನೆಯ ಎರಡನ್ನು ಒದಗಿಸುವುದಕ್ಕೆ ವಿದ್ಯಾಸಂಸ್ಥೆಗಳಿಗಿಂತ ಯೋಗ್ಯರಾದವರು ಮತ್ತಾರೂ ಇಲ್ಲ.

ಗಾಂಧಿ ಚೌಕದಂಥ ಜನನಿಬಿಡ ಸ್ಥಳಕ್ಕೆ ಸಮೀಪದ ಶಾಲೆಯಲ್ಲಿಯೋ ಗ್ರಂಥಾಲಯದಲ್ಲಿಯೋ, ತಿಕೋಟಾ-ಬಬಲೇಶ್ವರಗಳ ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿಯೋ ಹಿರಿಯರ ಓದಿನ ಮೂಲೆಯೊಂದನ್ನು ತೆರೆಯಬಹುದು. ಒಂದು ಓರೆ ಮೇಜು, ಬೇಕಾದಂತೆ ಬಾಗಿಸಬಲ್ಲ ಒಂದು ದೀಪ, ಬೇರೆ ಬೇರೆ ಶಕ್ತಿಯ ನಾಲ್ಕಾರು ಭೂತಗನ್ನಡಿಗಳು, ದಪ್ಪಕ್ಷರದ ಕೆಲವು ಪುಸ್ತಕಗಳು ಇಷ್ಟಿದ್ದರೆ ಮೊದಲಿಗೆ ಸಾಕು. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಸಾಧನಗಳೇ ಇಲ್ಲಿ ಹೆಚ್ಚು. ನಗರದ ವೈದ್ಯಕೀಯ ಮಹಾವಿದ್ಯಾಲಯಗಳ ನೇತ್ರವಿಭಾಗದವರನ್ನು ಆಗಾಗ ಆಮಂತ್ರಿಸಿ ಕಣ್ಣಿನ ಪರೀಕ್ಷೆ ಮಾಡಿಸಬಹುದು. ಹೈಸ್ಕೂಲಿನ ವಿದ್ಯಾರ್ಥಿಗಳು ಕರಕುಶಲದ ತಾಸಿನಲ್ಲಿ ಕಪ್ಪು ರಟ್ಟಿನ ಸೀಳುಪಟ್ಟಿಗಳನ್ನು ಕತ್ತರಿಸಿ ಮನೆಮನೆಯ ಅಜ್ಜ-ಅಜ್ಜಿಯರಿಗೆ ಕೊಡಬಹುದು. ವಿಜ್ಞಾನದ ಪುಸ್ತಕದಲ್ಲಿ ಪೀನಮಸೂರದ ಚಿತ್ರವನ್ನು ಬರೆದು ಅಂಕ ಗಳಿಸುವ ವಿದ್ಯಾರ್ಥಿಯು ಅದೇ ಮಸೂರವನ್ನು ಅಜ್ಜಿಯ ಕೈಗಿತ್ತು, ಎಷ್ಟು ದೂರದಲ್ಲಿ ಹಿಡಿಯಬೇಕೆಂದು ತೋರಿಸಿಕೊಟ್ಟರೆ ಆ ಪಾಠವು ಜನ್ಮಕ್ಕೂ ಮರೆಯಲಾರದು.

ಮಠಗಳೂ ಸಂಸ್ಥೆಗಳೂ ತಮ್ಮ ಅಚ್ಚಿನ ಕಾಗದಗಳಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಜಾತ್ರೆಯ ಆಮಂತ್ರಣ ಪತ್ರಿಕೆಗಳಲ್ಲಿ ಕೆಂಪು ಕಾಗದದ ಮೇಲೆ ಹಳದಿ ಅಕ್ಷರ, ಗುಲಾಬಿಯ ಮೇಲೆ ಬಂಗಾರದ ಅಕ್ಷರ ಬಳಸುವ ರೂಢಿಯಿದೆ. ಅಂಥ ಪತ್ರಿಕೆಯನ್ನು ಅತ್ಯಂತ ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುವವರು ಹಿರಿಯರು. ಅದನ್ನು ಓದಲಾರದವರೂ ಅವರೇ. ಸ್ಮರಣ ಸಂಚಿಕೆಗಳ ಅಕ್ಷರವಾದರೂ ಅಷ್ಟೇ. ಪುಟಗಳನ್ನು ಉಳಿಸಲೆಂದು ಅಕ್ಷರವನ್ನು ಕುಗ್ಗಿಸಿದಾಗ, ಸಂಸ್ಥೆಯ ಮೊದಲ ತಂಡದ ವಿದ್ಯಾರ್ಥಿಗಳು ತಮ್ಮದೇ ಸಂಸ್ಥೆಯ ಚರಿತ್ರೆಯನ್ನು ಓದಲಾರದೆ ಫೋಟೋಗಳನ್ನು ಮಾತ್ರ ನೋಡಿ ಮಡಿಚಿಡಬೇಕಾಗುತ್ತದೆ.

ಇಂದು ಮಂಜುಗಣ್ಣಿನಿಂದ ಕಾಗದವನ್ನು ತಿರುವಿ ಮುರುವಿ ನೋಡುತ್ತಿರುವ ತಲೆಮಾರು ಸಾಮಾನ್ಯವಾದುದಲ್ಲ. ಶಾಲೆಯಿಲ್ಲದ ಹಳ್ಳಿಗಳಿಂದ ಮೈಲುಗಟ್ಟಲೆ ನಡೆದು ಬಂದು ಅಕ್ಷರ ಕಲಿತವರೂ, ಬರಗಾಲದಲ್ಲಿಯೂ ಎತ್ತು ಮಾರಿ ಮಕ್ಕಳಿಗೆ ಫೀ ಕಟ್ಟಿದವರೂ, ಶಾಲೆಯ ಕಟ್ಟಡಕ್ಕೆ ಜೋಳದ ಚೀಲವನ್ನೋ ಒಂದು ದಿನದ ಕೂಲಿಯನ್ನೋ ಕಾಣಿಕೆ ಕೊಟ್ಟವರೂ ಈ ತಲೆಮಾರಿನಲ್ಲಿದ್ದಾರೆ. ಇಂದಿನ ಪೀಳಿಗೆಯ ಅಕ್ಷರಕ್ಕೆ ಅವರ ಬೆವರು ಬಂಡವಾಳವಾಗಿದೆ. ಆ ಋಣವನ್ನು ಸನ್ಮಾನದ ಶಾಲಿನಿಂದಲೂ ಹಾರದಿಂದಲೂ ತೀರಿಸಲು ಬಾರದು. ಒಂದು ಒಳ್ಳೆಯ ದೀಪ, ಹೊಂದುವ ಒಂದು ಮಸೂರ, ದಪ್ಪಕ್ಷರದ ಒಂದು ಪುಸ್ತಕ ಮತ್ತು ಪಕ್ಕದಲ್ಲಿ ಕುಳಿತು ಹೇಳಿಕೊಡುವ ಒಬ್ಬ ವಿದ್ಯಾರ್ಥಿ ಇಷ್ಟನ್ನು ಪ್ರತಿಯೊಂದು ವಿದ್ಯಾಸಂಸ್ಥೆಯೂ ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಸೇರಿಸಿಕೊಂಡರೆ, ಋಣವು ಪೂರ್ತಿ ತೀರದಿದ್ದರೂ ತೀರಿಸುವ ಕೆಲಸವಾದರೂ ಆರಂಭವಾದೀತು. ಅಂಥ ಸದ್ಬುದ್ಧಿ ಸಂಸ್ಥೆಗಳನ್ನು ನಡೆಸುವವರಲ್ಲಿ ಬೇಗನೆ ಮೂಡಲಿ. ಈ ನಾಡಿನ ಹಿರಿಯರು ತಮ್ಮ ಕಾಗದವನ್ನು ತಾವೇ ಓದಿ, ತಿಳಿದು, ಸಹಿ ಮಾಡುವಂತಾಗಲಿ.